ಅಜಿತ, ಅಜೇಯ ಮತ್ತು ಒಂದು ಅಂಕ

ಒಂದೂ ಪಂದ್ಯ ಸೋಲದೆ ಟೂರ್ನಿ ಮುಗಿಸಿದ ತಂಡವನ್ನು ನಮ್ಮ ಪತ್ರಿಕೆಗಳು ‘ಅಜೇಯ’ ಎಂದು ಕರೆಯುತ್ತವೆ. ಅಜೇಯ ಎಂದರೆ ಯಾರಿಂದಲೂ ಗೆಲ್ಲಲಾಗದ್ದು. ಇದುವರೆಗೆ ಸೋಲದೆ ಇರುವವನಿಗೆ ಬೇರೆಯೇ ಪದವಿದೆ: ಅಜಿತ. ರನ್ನನ ‘ಅಜಿತಪುರಾಣ’ದ ಹೆಸರಿನಲ್ಲಿ ನಾವು ಕೇಳಿರುವ ಪದ ಅದು. ಅಜಿತ ಎಂಬುದು ನಡೆದುಹೋದ ಸಂಗತಿಯನ್ನು ಹೇಳುತ್ತದೆ. ಅಜೇಯ ಎಂಬುದು ಸ್ವಭಾವವನ್ನೇ ಹೇಳಿಬಿಡುತ್ತದೆ. ‘ಅವರು ಸೋಲಲಿಲ್ಲ’ ಎನ್ನಬೇಕಾದ ಕಡೆ ‘ಅವರು ಸೋಲುವವರೇ ಅಲ್ಲ’ ಎಂದು ಬರೆದು ಮುಂದೆ ಹೋಗುತ್ತೇವೆ. ಇದು ಪದ ಆರಿಸುವಾಗ ಆದ ಸಣ್ಣ ಅಜಾಗರೂಕತೆಯೇ, ಅಥವಾ ಗೆಲುವನ್ನು ನಾವು ಅರ್ಥಮಾಡಿಕೊಂಡ ರೀತಿಯಲ್ಲೇ ಇರುವ ತಪ್ಪೇ? ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗುವುದು 1899ರ ಒಂದು ಅಮೆರಿಕನ್ ಕಾಲೇಜು ತಂಡ.

ಟೆನೆಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ ಸೆವಾನಿ ಎಂಬ ಪುಟ್ಟ ಊರಿದೆ. ಅಲ್ಲಿನ ‘ಯೂನಿವರ್ಸಿಟಿ ಆಫ್ ದಿ ಸೌತ್’ ಚರ್ಚಿಗೆ ಸೇರಿದ ಸಣ್ಣ ವಿದ್ಯಾಸಂಸ್ಥೆ. ಅದರ ಫುಟ್‌ಬಾಲ್ ತಂಡ ಆ ವರ್ಷ ಹನ್ನೆರಡು ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತು. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು, ಅಡ್ಡ ಬಂದವರನ್ನು ತಳ್ಳಿ ಮುನ್ನುಗ್ಗುವ ಅಮೆರಿಕನ್ನರ ಆಟ. ಚೆಂಡನ್ನು ಮುಂದಕ್ಕೆ ಎಸೆಯುವುದು ಆಗಿನ್ನೂ ನಿಯಮಕ್ಕೆ ವಿರುದ್ಧವಾಗಿತ್ತು. ಆದ್ದರಿಂದ ಎಲ್ಲವೂ ಮೈ ಮೇಲೆ ಮೈ ಬೀಳುವ ಬಲದ ಲೆಕ್ಕ. ಸೆವಾನಿ ಆ ಋತುವಿನಲ್ಲಿ ಗಳಿಸಿದ ಅಂಕ 322, ಬಿಟ್ಟುಕೊಟ್ಟದ್ದು ಕೇವಲ 10.

ಈ ತಂಡ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಒಂದು ರೈಲು ಪ್ರಯಾಣದಿಂದ. ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 10–0. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23–0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನ ಸ್ಟೇಟ್ ವಿರುದ್ಧ 34–0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ವಿರುದ್ಧ 12–0. ಆರು ದಿನ, ಐದು ಪಂದ್ಯ, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದಾರಿ. ಎದುರಾಳಿಗಳಿಗೆ ಒಂದು ಅಂಕವೂ ದಕ್ಕಲಿಲ್ಲ. ಆಗಿನ ನಿಯಮದಂತೆ ಒಮ್ಮೆ ಹೊರಬಂದ ಆಟಗಾರ ಮತ್ತೆ ಅದೇ ಪಂದ್ಯದಲ್ಲಿ ಒಳಗೆ ಹೋಗುವಂತಿರಲಿಲ್ಲ. ಹಾಗಾಗಿ ಬಹುತೇಕ ಅದೇ ಹುಡುಗರು ದಿನವೂ ಪೂರ್ತಿ ಆಟ ಆಡಿದರು. ಇದನ್ನು ಓದಿದ ಮೇಲೆ ‘ಅಜೇಯ’ ಎನ್ನದೆ ಇರುವುದು ಕಷ್ಟ.

ಆದರೆ ಆ ಹತ್ತು ಅಂಕ ಎಲ್ಲಿಂದ ಬಂತು? ಹತ್ತೂ ಒಂದೇ ಪಂದ್ಯದಲ್ಲಿ ಬಂದವು. ನವೆಂಬರ್ 30ರಂದು ಮಾಂಟ್‌ಗೊಮರಿಯಲ್ಲಿ ಆಬರ್ನ್ ತಂಡದ ಎದುರು ಸೆವಾನಿ 11–10ರಿಂದ ಗೆದ್ದಿತು. ಚೆಂಡನ್ನು ಗೆರೆ ದಾಟಿಸಿದರೆ ಆಗ ಐದು ಅಂಕ, ಅದರ ಬೆನ್ನಿಗೇ ಸಿಗುವ ಒದೆತ ಗುರಿ ಮುಟ್ಟಿದರೆ ಇನ್ನೊಂದು. ಅಂದರೆ ಇಡೀ ಋತುವಿನ ಕೀರ್ತಿ ನಿಂತದ್ದು ಒಂದೇ ಒಂದು ಹೆಚ್ಚುವರಿ ಅಂಕದ ಮೇಲೆ. ಆಬರ್ನ್ ಕೋಚ್ ಜಾನ್ ಹೈಸ್‌ಮನ್ ಪಂದ್ಯದ ನಂತರ ತೀರ್ಪುಗಾರಿಕೆಯ ಬಗ್ಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ದೂರಿದರು. ಆ ದೂರು ಎಷ್ಟು ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಒಂದು ಗಾಳಿಯ ಬೀಸು, ಒಂದು ಜಾರಿದ ಕಾಲು, ಒಂದು ಸೀಟಿ ಆ ಋತುವಿನ ಹೆಸರನ್ನೇ ಬದಲಿಸಬಹುದಿತ್ತು ಎಂಬುದನ್ನು ಅಲ್ಲಗಳೆಯಲಾಗದು.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ‘ನೈತಿಕ ಅದೃಷ್ಟ’ ಎಂಬ ಮಾತನ್ನು ಚರ್ಚೆಗೆ ತಂದರು. ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಳಿಂದ ನಮ್ಮ ಬಗೆಗಿನ ತೀರ್ಪು ಬದಲಾಗುವುದು ನ್ಯಾಯವೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಅಜಾಗರೂಕತೆಯಿಂದ ಗಾಡಿ ಓಡಿಸುವ ಇಬ್ಬರಲ್ಲಿ ಒಬ್ಬನ ಎದುರಿಗೆ ಮಾತ್ರ ಮಗುವೊಂದು ಓಡಿಬರುತ್ತದೆ. ಇಬ್ಬರ ತಪ್ಪೂ ಒಂದೇ ಆದರೂ ಒಬ್ಬ ಮಾತ್ರ ಕೊಲೆಗಾರ ಎನಿಸಿಕೊಳ್ಳುತ್ತಾನೆ. ಹೊಗಳಿಕೆಗೂ ಈ ಲೆಕ್ಕ ಅನ್ವಯಿಸಬೇಕು. ಆ ಹೆಚ್ಚುವರಿ ಅಂಕ ಬಾರದೆ ಹೋಗಿದ್ದರೆ ಸೆವಾನಿ ಹುಡುಗರ ತಾಳ್ಮೆ, ದಣಿವು, ಧೈರ್ಯ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುತ್ತಿದ್ದದ್ದು ನಾವು ಅವರಿಗೆ ಕೊಡುವ ಹೆಸರು ಮಾತ್ರ.

ಹಾಗಾದರೆ ಗೆಲುವೆಲ್ಲ ಅದೃಷ್ಟವೇ ಎಂದು ಕೇಳಬಹುದು. ಖಂಡಿತ ಅಲ್ಲ. ಆರು ದಿನದಲ್ಲಿ ಐದು ಪಂದ್ಯವನ್ನು ಯಾರೂ ಅದೃಷ್ಟದಿಂದ ಗೆಲ್ಲುವುದಿಲ್ಲ. ಒಂದು ಅಂಕದ ಅಂಚಿನವರೆಗೆ ಬಂದು ನಿಲ್ಲುವುದಕ್ಕೂ ಶ್ರಮ ಬೇಕು. ಅಂಚನ್ನು ದಾಟುವುದರಲ್ಲಿ ಮಾತ್ರ ಶ್ರಮದ ಜೊತೆ ಬೇರೆಯದೂ ಸೇರಿಕೊಳ್ಳುತ್ತದೆ. ‘ಅಜಿತ’ ಎಂಬ ಪದ ಈ ಎರಡಕ್ಕೂ ಜಾಗ ಕೊಡುತ್ತದೆ. ‘ಅಜೇಯ’ ಎಂಬುದು ಎರಡನೆಯದನ್ನು ಅಳಿಸಿಹಾಕುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕದಿಂದ ಒಳಗೆ ಹೋದವನು ಬುದ್ಧಿವಂತ, ಒಂದು ಅಂಕದಿಂದ ಹೊರಗುಳಿದವನು ದಡ್ಡ ಎಂದು ನಾವು ತೀರ್ಮಾನಿಸುವಾಗ ಆಗುವುದೂ ಇದೇ ತಪ್ಪು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ಸೋಲಲಿಲ್ಲ ನಿಜ, ಆದರೆ ಯಾರ ಎದುರು? ಸೆವಾನಿಯ ಪರಮ ಎದುರಾಳಿ ವಾಂಡರ್‌ಬಿಲ್ಟ್. ಟಿಕೆಟ್ ಹಣದ ಹಂಚಿಕೆಯ ಜಗಳದಿಂದಾಗಿ ಆ ವರ್ಷ ಎರಡೂ ತಂಡಗಳು ಆಡಲೇ ಇಲ್ಲ. ಹೋದ ಹಣವನ್ನು ತುಂಬಿಕೊಳ್ಳಲೆಂದೇ ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ ಆ ದೂರದ ಪ್ರವಾಸವನ್ನು ಹೊಂದಿಸಿದರು. ಮುಂದೆ ಅವರು ಅಮೆರಿಕದ ಸೆನೆಟರ್ ಕೂಡ ಆದರು. ಅಂದರೆ ದಂತಕಥೆಯಾದ ಪ್ರಯಾಣ ಹುಟ್ಟಿದ್ದೇ ಆಡದೆ ಬಿಟ್ಟ ಪಂದ್ಯದಿಂದ. ಇದಕ್ಕಿಂತ ದೊಡ್ಡ ಗೈರುಹಾಜರಿ ಮತ್ತೊಂದಿತ್ತು. 1892ರಲ್ಲೇ ಉತ್ತರ ಕ್ಯಾರೊಲಿನಾದ ಬಿಡಲ್ ಮತ್ತು ಲಿವಿಂಗ್‌ಸ್ಟನ್ ಎಂಬ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳು ತಮ್ಮೊಳಗೆ ಫುಟ್‌ಬಾಲ್ ಪಂದ್ಯ ಆಡಿದ್ದವು. ದಕ್ಷಿಣದ ಬಿಳಿಯರ ಕಾಲೇಜುಗಳು ಅಂಥ ತಂಡಗಳನ್ನು ಎದುರಾಳಿ ಎಂದು ಎಣಿಸಲೇ ಇಲ್ಲ. ಯಾರ ಜೊತೆ ಆಡಬೇಕೆಂದು ತಾನೇ ಆರಿಸಿಕೊಂಡ ವೃತ್ತದೊಳಗೆ ಸೋಲದಿರುವುದು ಒಂದು ಸಾಧನೆಯೇ ಸರಿ. ಆದರೆ ವೃತ್ತ ಎಳೆದವರು ಯಾರು ಎಂಬುದನ್ನು ದಾಖಲೆಯ ಪುಸ್ತಕ ಹೇಳುವುದಿಲ್ಲ.

ಒಂದು ಅಂಕದಿಂದ ಸೋತು ನ್ಯಾಯ ಕೇಳಿದ ಹೈಸ್‌ಮನ್ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. 1916ರಲ್ಲಿ ಅವರು ಜಾರ್ಜಿಯಾ ಟೆಕ್ ತಂಡದ ಕೋಚ್ ಆಗಿದ್ದರು. ಆ ವರ್ಷ ಕಂಬರ್ಲೆಂಡ್ ಕಾಲೇಜು ತನ್ನ ತಂಡವನ್ನೇ ಕೈಬಿಟ್ಟಿತ್ತು. ಆದರೂ ಬರದಿದ್ದರೆ ದಂಡ ತೆರಬೇಕೆಂಬ ಕರಾರಿನಿಂದಾಗಿ ಹೇಗೋ ಜನ ಕೂಡಿಸಿಕೊಂಡು ಆಡಲು ಬಂತು. ಹೈಸ್‌ಮನ್ ತಂಡ 222–0ರಿಂದ ಗೆದ್ದಿತು. 1899ರಲ್ಲಿ ಸೆವಾನಿ 71–0ರಿಂದ ಸೋಲಿಸಿದ್ದು ಇದೇ ಕಂಬರ್ಲೆಂಡನ್ನು. ಅನ್ಯಾಯದ ನೋವು ಉಂಡವನು ಅದರಿಂದ ಕರುಣೆಯನ್ನೇ ಕಲಿಯುತ್ತಾನೆ ಎಂಬ ಖಾತ್ರಿಯಿಲ್ಲ. ಸೋತವನಾಗಿದ್ದಾಗ ಕಂಡ ಸತ್ಯ ಗೆದ್ದ ಮೇಲೆ ಮರೆತುಹೋಗುತ್ತದೆ.

ಸೆವಾನಿಗೆ ಆ ಸತ್ಯವನ್ನು ಕಾಲವೇ ನೆನಪಿಸಿತು. 1932ರ ಕೊನೆಯಲ್ಲಿ ಹುಟ್ಟಿದ ‘ಸೌತ್‌ಈಸ್ಟರ್ನ್ ಕಾನ್ಫರೆನ್ಸ್’ ಎಂಬ ಪ್ರಬಲ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಆ ವಿದ್ಯಾಸಂಸ್ಥೆಯೂ ಒಂದು. 1940ರಲ್ಲಿ ಹೊರಬರುವವರೆಗೆ ಒಕ್ಕೂಟದೊಳಗೆ ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಅದು ಗೆಲ್ಲಲಿಲ್ಲ. ಅದೇ ಊರು, ಅದೇ ಹೆಸರು. 1899ರಲ್ಲಿ ಅದು ನಿಜಕ್ಕೂ ಅಜೇಯವಾಗಿದ್ದರೆ ಈ 37 ಸೋಲುಗಳಿಗೆ ಅರ್ಥವೇ ಇರುವುದಿಲ್ಲ. ಅಜಿತವಾಗಿತ್ತು ಎಂದರೆ ಎರಡೂ ಅರ್ಥವಾಗುತ್ತವೆ: ಒಂದು ಋತುವಿನಲ್ಲಿ ಕೆಲವು ಹುಡುಗರು ಅಸಾಧ್ಯವೆನಿಸುವಷ್ಟು ಚೆನ್ನಾಗಿ ಆಡಿದರು, ಅವರ ಮಕ್ಕಳ ಓರಗೆಯವರಿಗೆ ಅದು ಆಗಲಿಲ್ಲ.

ಹೀಗೆ ಹೇಳಿದರೆ ಗೆದ್ದವರ ಬೆಲೆ ಕಡಿಮೆಯಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಸೋಲಲು ಸಾಧ್ಯವೇ ಇಲ್ಲದವನು ಗೆದ್ದರೆ ಅದರಲ್ಲಿ ಹೊಗಳಲು ಏನಿದೆ? ನದಿ ಕೆಳಗೆ ಹರಿಯಿತು ಎಂದು ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸೆವಾನಿಯ ಹನ್ನೆರಡು ಗೆಲುವುಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಆ 11–10ರ ಬಗ್ಗೆ. ಉಳಿದ ಹನ್ನೊಂದು ಪಂದ್ಯಗಳು ಅವರು ಎಷ್ಟು ಬಲಶಾಲಿಗಳಾಗಿದ್ದರು ಎಂದು ಹೇಳುತ್ತವೆ. ಇದೊಂದು ಮಾತ್ರ, ಅವರೂ ಸೋಲಬಹುದಿತ್ತು ಎಂದು ಹೇಳುತ್ತದೆ.