ನಡುಹಗಲ ತೋನ್ಸೆಪಾರ್

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ, ಅಂದರೆ ಊರವರ ತೋನ್ಸೆಪಾರ್‌ಗೆ, ಹೋಗಿಬಂದವರ ಮೊಬೈಲಿನಲ್ಲಿ ಹೆಚ್ಚಾಗಿ ಇರುವುದು ಒಂದೇ ಬಗೆಯ ಚಿತ್ರ: ಕಂಬಗಲ್ಲಿನ ಮೇಲೆ ನಿಂತವರು, ಬೆನ್ನ ಹಿಂದೆ ಕಡಲು. ಆ ಕಲ್ಲುಗಳ ಸೆಳೆತವೇ ಅಂಥದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರಿ, ಕುಗ್ಗಿ, ಬಿರುಕುಬಿಟ್ಟು ಐದಾರು ಮುಖದ ಕಂಬಗಳಾಯಿತು.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಹಾಗಾಗಿ ಛಾಯಾಗ್ರಾಹಕರು ಹಂಬಲಿಸುವ ಮುಂಜಾವಿನ ಹೊಂಬಣ್ಣ ಇಲ್ಲಿ ಸಿಗುವುದಿಲ್ಲ. ಸಿಗುವುದು ಏಪ್ರಿಲ್‌, ಮೇ ತಿಂಗಳ ಕಣ್ಣು ಕುಕ್ಕುವ ಬಿಸಿಲು. ನನಗೇನೋ ಅದೇ ಭಾಗ್ಯವೆನಿಸುತ್ತದೆ. ದಿಗಂತ ಮಂಜುಮಂಜಾಗಿ ಮಾಸಿರುವಾಗ ಕ್ಯಾಮೆರಾ ತಾನಾಗಿ ಕೆಳಗೆ ಬಾಗುತ್ತದೆ, ಕಾಲಬುಡದ ಬದುಕು ಕಣ್ಣಿಗೆ ಬೀಳುತ್ತದೆ.

ಇಳಿತದ ಹೊತ್ತಿನಲ್ಲಿ ಎರಡು ಕಂಬಗಳ ನಡುವಿನ ಬಿರುಕೊಂದನ್ನು ಬಗ್ಗಿ ನೋಡಿ. ಹೊರಗಿನ ಕಲ್ಲು ಕೈಯಿಡಲಾರದಷ್ಟು ಕಾದಿರುತ್ತದೆ. ಒಳಗೆ, ಬೆರಳಗಲದ ನೆರಳಿನಲ್ಲಿ, ಮೆಣಸಿನ ಕಾಳಿನಷ್ಟು ಪುಟ್ಟ ಶಂಖದ ಹುಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಮೈಯ ತೇವ ಆರದಂತೆ ಬಾಯಿ ಮುಚ್ಚಿಕೊಂಡು ಉಬ್ಬರಕ್ಕಾಗಿ ಕಾಯುವ ಜೀವಗಳು ಅವು. ಪಕ್ಕದ ಗುಂಡಿಯಲ್ಲಿ ನಿಂತ ನೀರಿಗೆ ನೆತ್ತಿಯ ಮೇಲಿನ ಸೂರ್ಯ ತಳದವರೆಗೂ ಬೆಳಕು ಇಳಿಸುತ್ತಾನೆ. ಅಲ್ಲಿನ ಏಡಿಯ ಕಾಲಿನ ಕೂದಲನ್ನೂ ಎಣಿಸಬಹುದು, ನಾವು ಅಲುಗದಿದ್ದರೆ ಮಾತ್ರ.

ಪಡುವಣ ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಆ ಬಿಳುಪಿಗೆ ಕ್ಯಾಮೆರಾದ ಅಳತೆ ತಪ್ಪಿ ಚಿತ್ರ ಬೂದಿಬಣ್ಣಕ್ಕೆ ತಿರುಗುತ್ತದೆ. ಬೆಳಕನ್ನು ಒಂದು ಹಂತ ಏರಿಸಿಕೊಂಡರೆ ಚಿಪ್ಪಿನ ತಿಳಿಗೆಂಪು ಗೆರೆಗಳು ಮೂಡುತ್ತವೆ. ಚಿತ್ರ ತೆಗೆದ ಮೇಲೆ ಚಿಪ್ಪನ್ನು ಅಲ್ಲೇ ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಬಂದವರೆಲ್ಲ ಒಂದೊಂದು ಮುಷ್ಟಿ ಒಯ್ದರೆ ಆ ದಂಡೆಗೆ ಉಳಿಯುವುದೇನು?

ವರ್ಷ ವರ್ಷವೂ ಅದೇ ಬಿರುಕಿನ, ಅದೇ ಗುಂಡಿಯ ಚಿತ್ರ ತೆಗೆದಿಟ್ಟವರ ಬಳಿ ಕರಾವಳಿಯ ದೊಡ್ಡ ದಾಖಲೆಯೇ ಇರುತ್ತದೆ: ಯಾವ ಜೀವ ಕಡಿಮೆಯಾಯಿತು, ಪ್ಲಾಸ್ಟಿಕ್ ಎಲ್ಲಿ ಸಿಕ್ಕಿಕೊಂಡಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಸೂರ್ಯಾಸ್ತದ ಸಾವಿರ ಚಿತ್ರಗಳಿಂದ ಇದು ತಿಳಿಯದು.

ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಮಳೆಗಾಲ ಕಳೆದ ಮೇಲೆಯೇ. ಹೋಗುವವರು ಮಳೆಗೆ ಮುನ್ನವೇ ಹೋಗಿ, ಇಳಿತದ ಹೊತ್ತನ್ನು ಮಲ್ಪೆಯ ಮೀನುಗಾರರಲ್ಲಿ ವಿಚಾರಿಸಿಕೊಳ್ಳಿ.