ಮಾಡಿದವರು ಯಾರು, ಉಣ್ಣುವವರು ಯಾರು?

ಕರ್ಮ ಮಾಡಿದವನೇ ಅದರ ಫಲವನ್ನು ಉಣ್ಣಬೇಕೆಂಬುದು ಚಾರ್ವಾಕದಂಥ ಕೆಲವನ್ನು ಬಿಟ್ಟು ಭಾರತದ ಉಳಿದ ದರ್ಶನಗಳು ಒಂದಿಲ್ಲೊಂದು ಬಗೆಯಲ್ಲಿ ಒಪ್ಪಿದ ಮಾತು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಾಗಿ ಅದು ಆಡುಮಾತಿಗೂ ಇಳಿದಿದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಆ್ಯಂಟಿಬಯಾಟಿಕ್ ಔಷಧಗಳಿಗೆ ರೋಗಾಣುಗಳು ಬಗ್ಗದಂತಾಗಿರುವ ಇಂದಿನ ಸ್ಥಿತಿ ಈ ನಿಯಮವನ್ನೇ ಇಕ್ಕಟ್ಟಿಗೆ ಸಿಲುಕಿಸುತ್ತದೆ. ವೈರಸ್ಸಿನಿಂದ ಬಂದ ನೆಗಡಿಗೆ ಬೇಡದ ಮಾತ್ರೆ ನುಂಗಿದವನು ನಾಲ್ಕು ದಿನಗಳಲ್ಲಿ ತಾನಾಗಿಯೇ ಚೇತರಿಸಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಆ ಮಾತ್ರೆಯ ಒತ್ತಡದಲ್ಲಿ ಅವನ ಕರುಳಿನಲ್ಲಿ ಬಲಿತ ಬ್ಯಾಕ್ಟೀರಿಯಾ ಅವನು ಕಂಡೇ ಇರದ ನವಜಾತ ಶಿಶುವಿನ ರಕ್ತವನ್ನು ಸೇರಬಹುದು. ಹೀಗಿರುವಾಗ ಮಾಡಿದವನಿಗೂ ಉಣ್ಣುವವನಿಗೂ ಇರುವ ನಂಟು ಎಂಥದು ಎಂಬ ಪ್ರಶ್ನೆ ವೈದ್ಯಶಾಸ್ತ್ರದ್ದಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು.

ರೋಗಾಣುಗಳ ಈ ಪ್ರತಿರೋಧಕ್ಕೆ ಹಲವು ದಾರಿಗಳಿದ್ದು, ಅವುಗಳಲ್ಲಿ ಕಿಣ್ವಗಳದ್ದು ಮುಖ್ಯ. ಕಿಣ್ವವೆಂದರೆ ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೋಟೀನು. ಪೆನಿಸಿಲಿನ್, ಸೆಫಲೋಸ್ಪೋರಿನ್, ಕಾರ್ಬಪೆನೆಮ್ ಗುಂಪಿನ ಔಷಧಗಳ ಸತ್ವವೆಲ್ಲ ಮೂರು ಇಂಗಾಲ ಮತ್ತು ಒಂದು ಸಾರಜನಕದ ಪರಮಾಣುಗಳು ಸೇರಿದ ಬೀಟಾ-ಲ್ಯಾಕ್ಟಮ್ ಎಂಬ ಉಂಗುರದಲ್ಲಿದೆ. ಈ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕಟ್ಟುವ ಪ್ರೋಟೀನುಗಳಿಗೆ ಅಂಟಿಕೊಂಡು ಆ ಕೆಲಸವನ್ನು ನಿಲ್ಲಿಸುತ್ತವೆ. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ನೀರಿನ ಅಣುವನ್ನು ಬಳಸಿ ಉಂಗುರವನ್ನು ಒಡೆದುಹಾಕುತ್ತದೆ, ಮತ್ತು ಸ್ವತಃ ಸವೆಯದ ಕಾರಣ ಮುಂದಿನ ಅಣುವಿಗೆ ಸಿದ್ಧವಾಗಿರುತ್ತದೆ. ಪೆನಿಸಿಲಿನ್ ವ್ಯಾಪಕ ಬಳಕೆಗೆ ಬರುವ ಮೊದಲೇ, 1940ರಲ್ಲಿ, ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೇನ್ ಇಂಥ ಕಿಣ್ವವನ್ನು ಗುರುತಿಸಿದ್ದರು. ಸುಮಾರು 30,000 ವರ್ಷ ಹಿಮದಡಿ ಹುದುಗಿದ್ದ ಮಣ್ಣಿನಲ್ಲಿಯೂ ಇದರ ಜೀನುಗಳು ಸಿಕ್ಕಿವೆ. ಆದ್ದರಿಂದ ಕಿಣ್ವ ಮನುಷ್ಯನ ಸೃಷ್ಟಿಯಲ್ಲ, ಬ್ಯಾಕ್ಟೀರಿಯಾದ ಸ್ವಭಾವ. ಆ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳು ಮಾತ್ರ ಬದುಕುಳಿಯುವ ಪರಿಸರವನ್ನು ಒದಗಿಸಿದ್ದಷ್ಟೇ ಮನುಷ್ಯನ ಪಾಲು.

ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಕಲಿಯುವ ಒಂದು ಪರೀಕ್ಷೆ ಈ ಸ್ವಭಾವವನ್ನು ಕಣ್ಣಿಗೆ ಕಾಣಿಸುತ್ತದೆ. ರೋಗಿಯ ಮೂತ್ರದಿಂದಲೋ ರಕ್ತದಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗಾರ್ ತಟ್ಟೆಯ ಮೇಲೆ ಸವರಿ, ಸೆಫೊಟಾಕ್ಸಿಮ್ ಇರುವ ಒಂದು ಕಾಗದದ ಬಿಲ್ಲೆಯನ್ನೂ, ಅದರೊಂದಿಗೆ ಕಿಣ್ವವನ್ನು ತಡೆಯುವ ಕ್ಲಾವುಲಾನಿಕ್ ಆಮ್ಲವೂ ಇರುವ ಇನ್ನೊಂದು ಬಿಲ್ಲೆಯನ್ನೂ ಇಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಎರಡನೆಯ ಬಿಲ್ಲೆಯ ಸುತ್ತಣ ಬೆಳವಣಿಗೆಯಿಲ್ಲದ ವೃತ್ತ ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲವಾಗಿದ್ದರೆ, ಹಲವು ಔಷಧಗಳನ್ನು ಒಡೆಯಬಲ್ಲ ವಿಸ್ತೃತ ವ್ಯಾಪ್ತಿಯ ಬೀಟಾ-ಲ್ಯಾಕ್ಟಮೇಸ್ ಅಲ್ಲಿದೆ ಎಂದರ್ಥ. 2009ರಲ್ಲಿ ವರದಿಯಾದ, ಸತುವಿನ ಬಲದಿಂದ ಕೆಲಸಮಾಡುವ ಎನ್‌ಡಿಎಂ-1 ಕಿಣ್ವ ಕ್ಲಾವುಲಾನಿಕ್ ಆಮ್ಲಕ್ಕೂ ಮಣಿಯದೆ, ಕೊನೆಯ ಆಸರೆಯೆಂದು ಇಟ್ಟುಕೊಂಡಿದ್ದ ಕಾರ್ಬಪೆನೆಮ್‌ಗಳನ್ನೂ ಒಡೆಯುತ್ತದೆ. ತಟ್ಟೆ ಕಿಣ್ವದ ಇರವನ್ನು ಹೇಳುತ್ತದೆಯೇ ಹೊರತು ಅದು ಯಾರ ಅಜಾಗರೂಕತೆಯಿಂದ ಬಲಿಯಿತೆಂಬುದನ್ನಲ್ಲ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಇಂಥ ಪ್ರತಿರೋಧವೇ ನೇರ ಕಾರಣವೆಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಒಂದಕ್ಕೂ ಇಂಥವನೇ ಕರ್ತೃವೆಂದು ಬೊಟ್ಟುಮಾಡಲಾಗದು.

ಕರ್ತೃ ಸಿಗದಿದ್ದರೆ ದೋಷವೂ ಇಲ್ಲವೇ ಎಂಬುದಕ್ಕೆ ಕಾರ್ಕಳದ ಜೈನ ಪರಂಪರೆಯಲ್ಲಿ ಸ್ಪಷ್ಟವಾದ ಉತ್ತರವಿದೆ. 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ ಬಾಹುಬಲಿಯ ಊರಿನಲ್ಲಿ ಬಾಳಿಬಂದ ಆ ದರ್ಶನ ಹಿಂಸೆಯನ್ನು ಸತ್ತ ಜೀವಗಳ ಎಣಿಕೆಯಿಂದ ಅಳೆಯುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಮುಂದೆ ಹೋಗಿ, ಎಚ್ಚರವಿಲ್ಲದೆ ನಡೆಯುವವನಿಗೆ ಜೀವ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದೆಂದೂ, ಎಚ್ಚರದಿಂದ ನಡೆಯುವವನಿಗೆ ಕೇವಲ ಹಾನಿಯಾದ ಮಾತ್ರಕ್ಕೆ ಕರ್ಮಬಂಧವಿಲ್ಲವೆಂದೂ ತಿಳಿಸುತ್ತದೆ. ಈ ದೃಷ್ಟಿಯಿಂದ ಅಗತ್ಯವಿರುವ ರೋಗಿಗೆ ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟ ವೈದ್ಯನಿಂದಲೂ ಪ್ರತಿರೋಧ ಬೆಳೆಯಬಹುದು, ಆದರೆ ಅದು ಪ್ರಮಾದವಲ್ಲ. ‘ಇರಲಿ’ ಎಂದು ಬರೆದ ಚೀಟಿ, ಕೇಳಿದವರಿಗೆ ಕೊಟ್ಟ ಸ್ಟ್ರಿಪ್, ಮನೆಯಲ್ಲಿ ಉಳಿದದ್ದನ್ನು ನೆರೆಯವರಿಗೆ ದಾಟಿಸುವ ಔದಾರ್ಯ, ಇವು ಯಾರಿಗೂ ಕೇಡಾಗದಿದ್ದರೂ ಪ್ರಮಾದವೇ. ಫಲ ಬೇರೆಡೆಗೆ ಹೋದಂತೆ ಕಂಡರೂ ಬಂಧ ಎಚ್ಚರ ತಪ್ಪಿದ ಕ್ಷಣದಲ್ಲಿಯೇ ಆಗಿಹೋಗಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ನರಳುವ ಶಿಶು ತನ್ನ ಪೂರ್ವಕರ್ಮವನ್ನೇ ಉಣ್ಣುತ್ತಿದೆಯೆಂದರೆ ಮಾತ್ರೆ ನುಂಗಿದವನ ಹೊಣೆ ಹಗುರಾಗುವುದಿಲ್ಲವೇ? ಹಾಗೆ ವಾದಿಸುವುದು ಸಿದ್ಧಾಂತದ ದುರ್ಬಳಕೆ. ಒಬ್ಬರ ನೋವಿಗೆ ನಿಮಿತ್ತವಾದವನ ಪ್ರಮಾದವನ್ನು ಆ ನೋವಿನ ಪೂರ್ವಕಾರಣ ಅಳಿಸಿಹಾಕುವುದಾದರೆ ಕೊಲೆಗೂ ಅದೇ ಸಮಜಾಯಿಷಿ ಸಾಕಾಗಿ, ಅಹಿಂಸಾವ್ರತಕ್ಕೆ ಅರ್ಥವೇ ಉಳಿಯದು.

‘ಪರೀಕ್ಷೆಗೆ ಹಣವಿಲ್ಲ, ಒಂದು ದಿನದ ಕೂಲಿ ಬಿಡುವಂತಿಲ್ಲ, ಕೇಳಿದ್ದನ್ನು ಕೊಡದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ’ ಎಂಬ ಮಾತುಗಳು ಸುಳ್ಳಲ್ಲ. ಉಡುಪಿಯ ಮಧ್ವಾಚಾರ್ಯರ ದ್ವೈತದರ್ಶನ ಇಂಥ ಪರಾಧೀನತೆಯನ್ನು ವಿಚಾರದ ಮೂಲದಲ್ಲಿಯೇ ಇಟ್ಟುಕೊಂಡಿದೆ: ಶ್ರೀಹರಿಯೊಬ್ಬನೇ ಸ್ವತಂತ್ರ, ಜೀವರೆಲ್ಲರೂ ಪರತಂತ್ರರು. ಹಾಗಿದ್ದರೂ ಜೀವನ ಕರ್ತೃತ್ವ ಭ್ರಮೆಯಲ್ಲ, ಪರಾಧೀನವಾದರೂ ಅದು ಸತ್ಯವೇ. ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿರುವುದಿಲ್ಲ. ಈ ವಿಚಾರಸರಣಿಯನ್ನು ಲೋಕವ್ಯವಹಾರಕ್ಕೆ ಅನ್ವಯಿಸಿದರೆ ಬಡತನದ ಕಟ್ಟು ಹೊಣೆಯನ್ನು ಕಡಿಮೆಮಾಡಬಹುದೇ ಹೊರತು ಇಲ್ಲವಾಗಿಸದು, ಮತ್ತು ಹೆಚ್ಚು ಶಕ್ತಿಯುಳ್ಳವರ ಮೇಲೆ, ಅಂದರೆ ಆಸ್ಪತ್ರೆ, ಔಷಧ ಕಂಪನಿ ಹಾಗೂ ಸರ್ಕಾರದ ಮೇಲೆ, ಅದಕ್ಕೆ ತಕ್ಕ ಹೆಚ್ಚಿನ ಭಾರ ಬೀಳುತ್ತದೆ. 2014ರಲ್ಲಿ ಜಾರಿಗೆ ಬಂದ, ಭಾರತದ ಔಷಧ ನಿಯಮಗಳ ಎಚ್1 ಅನುಸೂಚಿ ಹಲವು ಆ್ಯಂಟಿಬಯಾಟಿಕ್‌ಗಳ ಮಾರಾಟದ ವಿವರವನ್ನು ಔಷಧದಂಗಡಿಯ ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿದ್ದು ಈ ಭಾರದ ಒಂದಂಶ ಮಾತ್ರ.

ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಬಾರಿ ನಡೆಯುವ ಮಾರಿಪೂಜೆಯ ಹಿಂದೆ ರೋಗ ಒಂದು ಮನೆಯದಲ್ಲ, ಊರಿನದು ಎಂಬ ತಿಳಿವಳಿಕೆಯಿದೆ. ಮಾರಿಯನ್ನು ಊರಿನ ಗಡಿಯಾಚೆ ಕಳೆದರೆ ಕೇಡು ತೊಲಗೀತೆಂದು ಹಿಂದಿನವರು ನಂಬಿದ್ದರು. ಆದರೆ ಕಿಣ್ವದ ಜೀನುಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳ ಮೂಲಕ ಬ್ಯಾಕ್ಟೀರಿಯಾದ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುವುದರಿಂದ ಅವುಗಳಿಗೆ ಆಚೆಯೆಂಬುದೇ ಇಲ್ಲ. ಆದಕಾರಣ ಗಾದೆ ಸುಳ್ಳಾಗಲಿಲ್ಲ, ಅದರ ಅನ್ವಯ ಮಾತ್ರ ಹಿಗ್ಗಿತು. ಉಣ್ಣುವವನು ಯಾರೆಂದು ತಿಳಿಯುವ ಹೊತ್ತಿಗೆ ತಿದ್ದಿಕೊಳ್ಳುವ ಕಾಲ ಮೀರಿರುತ್ತದೆಯಾದ್ದರಿಂದ, ಇಲ್ಲಿ ಧರ್ಮವನ್ನು ಫಲ ನೋಡಿ ನಿರ್ಣಯಿಸುವುದು ಸಾಧ್ಯವಿಲ್ಲ. ಚೀಟಿ ಬರೆಯುವ, ಮಾತ್ರೆ ಮಾರುವ, ನುಂಗುವ ಗಳಿಗೆಯ ಎಚ್ಚರದಿಂದಲೇ ಅದನ್ನು ನಿರ್ಣಯಿಸಬೇಕು.