ಬಿಟ್ಟ ಬಾಣ

ಬಿಳಿಜೋಳದ ರಾಶಿ ಮುಗಿದ ಕೊಲ್ಹಾರದ ಎರೆಹೊಲದಲ್ಲಿ, ಆಲಮಟ್ಟಿಯ ಹಿನ್ನೀರ ಕಡೆಯಿಂದ ಬೀಸುವ ಗಾಳಿಯನ್ನು ಲಕ್ಷಿಸಿ, ಹವ್ಯಾಸಿಯೊಬ್ಬನು ಕಾಗದದ ರಾಕೆಟ್ಟನ್ನು ಹಾರಿಸುವನಾದರೆ, ಅದರ ಮದ್ದು ಒಂದೆರಡು ಕ್ಷಣಗಳಲ್ಲಿಯೇ ಉರಿದು ತೀರುವುದು. ಆದರೂ ಪಡೆದ ವೇಗದ ಬಲದಿಂದಲೇ ಅದು ಮೇಲೇರುತ್ತಿರುವುದು. ಫಲ ಕೊಡತೊಡಗಿದ ಕರ್ಮವು ಜ್ಞಾನೋದಯದ ತರುವಾಯವೂ ನಿಲ್ಲದೆಂಬುದಕ್ಕೆ ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಬಿಟ್ಟ ಬಾಣವನ್ನೇ ನಿದರ್ಶನವಾಗಿ ಕೊಟ್ಟಿರುವರು. ಹಾಗಾದರೆ ಕೈಮೀರಿದ ಕರ್ಮಕ್ಕೆ ಕರ್ತೃವು ಹೊಣೆಯಲ್ಲವೇ? ಹೊಣೆಯೆಂದೇ ನನ್ನ ದೃಢವಾದ ನಂಬಿಕೆ.

ಆ ಹೊಣೆಯು ಬಿಡುವ ಮುನ್ನಿನ ಸಿದ್ಧತೆಯಲ್ಲಿರುವುದು. 1780ರಲ್ಲಿ ಪೊಳ್ಳಿಲೂರಿನ ರಣರಂಗದಲ್ಲಿ ಹಾರಿದ ಮೈಸೂರಿನ ಅಗ್ನಿಬಾಣಗಳು ಬಿದ್ದಲ್ಲಿ ಕೊಲ್ಲಲೆಂದೇ ನಿರ್ಮಿತವಾದವು. ಈ ಪುಟ್ಟ ರಾಕೆಟ್ಟಿನೊಳಗಾದರೋ ನಿಧಾನವಾಗಿ ಉರಿಯುವ ಪದರವೊಂದಿದ್ದು, ಶಿಖರವನ್ನು ಮುಟ್ಟುವ ಹೊತ್ತಿಗೆ ಅದರ ಕಿಚ್ಚು ಸಿಡಿಮದ್ದಿಗೆ ತಗುಲಿ ಪ್ಯಾರಾಚೂಟನ್ನು ಹೊರದೂಡುವುದು. ಇಳಿಯುವೆಡೆಯಲ್ಲಿ ದನಗಾಹಿಯ ತಲೆಗೆ ಪೆಟ್ಟಾಗದಿರಲೆಂಬ ಕಳಕಳಿಯನ್ನು, ಕಿಡಿಯಿಡುವ ಮುನ್ನವೇ, ಹವ್ಯಾಸಿಯು ತನ್ನ ಕೈಯಾರೆ ಮಡಿಸಿ ಅದರೊಳಗಿಟ್ಟಿರುವನು.